ಅಂಚು ತಗ್ಗಿದ ಕನ್ನಡಿಯಲ್ಲಿ ಗುರು ಗ್ರಹದ ಪಟ್ಟೆಗಳು ಏಕೆ ಮಂಕಾಗುತ್ತವೆ?

ನೀವೇ ಉಜ್ಜಿ ತಯಾರಿಸಿದ 150 ಮಿ.ಮೀ., ಎಫ್/8 (ಬೆಳಕು ಕೂಡುವ ನಾಭಿಯ ದೂರ ವ್ಯಾಸದ ಎಂಟರಷ್ಟು) ದೂರದರ್ಶಕದ ಕನ್ನಡಿಯಲ್ಲಿ ಚಂದ್ರ ಚೆನ್ನಾಗಿ ಕಂಡರೂ ಗುರುವಿನ ಪಟ್ಟೆಗಳು ಮಂಕಾಗಿವೆ, ಅಂಚು ಇರಬೇಕಾದ್ದಕ್ಕಿಂತ ತಗ್ಗಿರಬಹುದು, ಹೊಸ ಕನ್ನಡಿ ಕೊಳ್ಳಲೇ ಎಂದು ಕೇಳಿದ್ದೀರಿ. ಕೊಳ್ಳಬೇಡಿ. ಇದೇ ಅಳತೆಯ ನನ್ನ ಮೊದಲ ಕನ್ನಡಿಯಲ್ಲೂ ಇದೇ ದೋಷವಿತ್ತು.

ನಾನು ಬೇಸಿಗೆಯ ಮಧ್ಯಾಹ್ನಗಳಲ್ಲಿ ಪಾಲಿಷ್ ಮಾಡುತ್ತಿದ್ದೆ. ಸೆಕೆಗೆ ಪಿಚ್ (ಪಾಲಿಷ್ ಬಿಲ್ಲೆಯ ಮೇಲಿನ ರಾಳದಂಥ ಅಂಟು) ಮೆತ್ತಗಾಗಿ, ಉದ್ದನೆಯ ಎಳೆತಗಳಲ್ಲಿ ಕನ್ನಡಿಯ ಅಂಚು ಅದರೊಳಗೆ ಹೂತು ಹೆಚ್ಚು ಸವೆಯಿತು. ಅಲ್ಲಿಗೇ ನಿಲ್ಲಿಸಿದ್ದರೆ ಸರಿಪಡಿಸಬಹುದಿತ್ತು. ಆದರೆ ಫೂಕೋ ಪರೀಕ್ಷೆಯಲ್ಲಿ (ಕನ್ನಡಿಯಿಂದ ಮರಳುವ ಬೆಳಕನ್ನು ಅಲಗಿನಿಂದ ಅಡ್ಡಗಟ್ಟಿ, ಮೂಡುವ ನೆರಳಿನಿಂದ ಮೈಯ ಉಬ್ಬುತಗ್ಗು ಅರಿಯುವ ವಿಧಾನ) ಅಲಗು ಯಾವ ಬದಿಯಿಂದ ಬರುತ್ತಿದೆ ಎಂಬುದನ್ನು ಗಮನಿಸದೆ, ನೆರಳನ್ನು ತಿರುವುಮುರುವಾಗಿ ಓದಿ, ತಗ್ಗಿದ ಅಂಚನ್ನು ಉಬ್ಬಿದೆಯೆಂದು ತಿಳಿದೆ. ಉಬ್ಬನ್ನು ಇಳಿಸಲೆಂದು ಚಿಕ್ಕ ಪಿಚ್ ಬಿಲ್ಲೆಯಿಂದ ಅಂಚಿನ ಸುತ್ತಲೂ ತೇದೆ. ಗಾಜನ್ನು ತೆಗೆಯಬಹುದೇ ಹೊರತು ಮರಳಿ ತುಂಬಲಾಗದು; ಅಂಚು ತಗ್ಗಿದ್ದರೆ ಅದನ್ನು ಮುಟ್ಟದೆ ಉಳಿದ ಇಡೀ ಮೈಯನ್ನು ಅದರ ಮಟ್ಟಕ್ಕೆ ಇಳಿಸಬೇಕು. ನಾನು ತೇದಷ್ಟೂ ತಗ್ಗು ಆಳವಾಯಿತು, ಸುತ್ತಲೂ ಒಂದೇ ಸಮ ತೇಯಲಾಗದೆ ಅಸ್ಟಿಗ್ಮ್ಯಾಟಿಸಂ (ಬೇರೆ ಬೇರೆ ದಿಕ್ಕಿನ ಬೆಳಕು ಬೇರೆ ಬೇರೆ ಕಡೆ ಕೂಡುವ ದೋಷ) ಸೇರಿಕೊಂಡಿತು, ಕೊನೆಗೆ ನಯವಾದ ಕಾರ್ಬೊರಂಡಮ್ ಪುಡಿಯಿಂದ ಉಜ್ಜುವ ಹಂತಕ್ಕೆ ಹಿಂದಿರುಗಬೇಕಾಯಿತು.

ತಗ್ಗಿದ ಅಂಚಿನಿಂದ ಬಂದ ಬೆಳಕು ನಾಭಿಯಿಂದ ಆಚೆ ಕೂಡುತ್ತದೆ. ಪ್ರತಿಫಲನದಲ್ಲಿ ಮೇಲ್ಮೈಯ ದೋಷ ಇಮ್ಮಡಿಯಾಗುವುದರಿಂದ, ಸುಮಾರು 70 ನ್ಯಾನೋಮೀಟರ್ ತಗ್ಗಿದ್ದರೂ ಹಸಿರು ಬೆಳಕಿನಲ್ಲಿ ಕಾಲು ಅಲೆಯುದ್ದದಷ್ಟು ವ್ಯತ್ಯಾಸವಾಗುತ್ತದೆ. ಮೂರೇ ಮಿ.ಮೀ. ಅಗಲದ ಅಂಚೆಂದರೂ ಅದು ಕನ್ನಡಿಯ ವಿಸ್ತೀರ್ಣದ ಶೇ. 8ರಷ್ಟು. ಅಷ್ಟು ಬೆಳಕು ಗ್ರಹದ ಮೈಮೇಲೆಯೇ ಮಬ್ಬಾಗಿ ಹರಡಿ, ಪಟ್ಟೆಗಳಂಥ ಮೆಲುವಾದ ಬಣ್ಣದ ವ್ಯತ್ಯಾಸಗಳನ್ನು ಅಳಿಸುತ್ತದೆ. ಚಂದ್ರನ ಕುಳಿಗಳ ಗಾಢ ನೆರಳುಗಳು ಅದನ್ನು ತಾಳಿಕೊಳ್ಳುತ್ತವೆ.

ಮೊದಲು ನಕ್ಷತ್ರವೊಂದನ್ನು ನೋಡಿ. ಧ್ರುವ ನಕ್ಷತ್ರ ಬೆಂಗಳೂರಿನಲ್ಲಿ ದಿಗಂತದಿಂದ ಸುಮಾರು 13 ಡಿಗ್ರಿಯಷ್ಟೇ ಮೇಲಿರುವುದರಿಂದ, ಗಾಳಿಯ ಕಂಪನ ತಪ್ಪಿಸಲು ನೆತ್ತಿಯ ಬಳಿಯ ತಾರೆಯನ್ನು ಆರಿಸಿಕೊಳ್ಳಿ. ಐಪೀಸನ್ನು ನಾಭಿಯಿಂದ ಒಳಗೆ ಸರಿಸಿದಾಗ ಬಿಲ್ಲೆಯಂತೆ ಹಿಗ್ಗಿದ ತಾರೆಯ ಅಂಚು ಮಸುಕಾಗಿ ಹರಡಿ, ಹೊರಗೆ ಸರಿಸಿದಾಗ ಗಡುಸಾಗಿ ಕಂಡರೆ ನಿಮ್ಮ ಅನುಮಾನ ಸರಿ. (ಗಾಜು ಚಕ್ಕೆ ಏಳದಿರಲೆಂದು ಅಂಚಿಗೆ ಕೊಟ್ಟ ಓರೆ ಕೊರೆತವನ್ನು ದೋಷವೆಂದು ಎಣಿಸಬೇಡಿ.)

ಆಮೇಲೆ 144 ಮಿ.ಮೀ. ಒಳವ್ಯಾಸದ ಕಪ್ಪು ರಟ್ಟಿನ ಉಂಗುರವನ್ನು ಕನ್ನಡಿಗೆ ತಾಗದಂತೆ ಅದರ ಮುಂದೆಯೇ ಕೂರಿಸಿ. ನಷ್ಟವಾಗುವ ಬೆಳಕು ಹತ್ತನೇ ಒಂದು ಮ್ಯಾಗ್ನಿಟ್ಯೂಡಿಗಿಂತ (ತಾರೆಗಳ ಹೊಳಪಿನ ಅಳತೆ) ಕಡಿಮೆ, ನಕ್ಷತ್ರಬಿಂಬದ ತ್ರಿಜ್ಯ 0.92ರಿಂದ 0.96 ಆರ್ಕ್‌ಸೆಕೆಂಡಿಗೆ (ಡಿಗ್ರಿಯ 3600ನೇ ಒಂದು ಭಾಗ) ಹಿಗ್ಗುತ್ತದೆ, ಅಷ್ಟೇ. ಪಟ್ಟೆಗಳು ಎದ್ದು ಕಂಡರೆ ಉಂಗುರವನ್ನು ಕಾಯಂ ಮಾಡಿ. ಕಾಣದಿದ್ದರೆ ಕನ್ನಡಿಗಳ ಹೊಂದಾಣಿಕೆ ಸರಿಯಿದೆಯೇ, ಗಾಜು ಹೊರಗಿನ ಗಾಳಿಯಷ್ಟು ತಣಿದಿದೆಯೇ ಎಂದು ನೋಡಿ. ಅದಕ್ಕೆ ಮುಂಚೆ ಮತ್ತೆ ಪಾಲಿಷ್ ಮಾಡಲೆಂದು ಪಿಚ್ ಕಾಯಿಸಬೇಡಿ.