ಪಾಂಡಾಸ್ ಇನ್‌ಸ್ಟಾಲ್ ಆಗಿದೆ ಅನ್ನುತ್ತದೆ, ರನ್ ಮಾಡಿದರೆ ಇಲ್ಲ ಅನ್ನುತ್ತದೆ, ಏನು ಮಾಡೋದು?

ನಿಮ್ಮ ಪ್ರಶ್ನೆ ಇದು, ಅಲ್ವಾ? ಕೋಲಾರದಲ್ಲಿ ಬಿಸಿಎ ಓದುತ್ತಿದ್ದೀರಿ. ಟೊಮೆಟೊ ದರದ ಮೇಲೆ ಪೈಥಾನ್ ಭಾಷೆಯಲ್ಲಿ ಪ್ರಾಜೆಕ್ಟ್, ಪಟ್ಟಿಗಳ ಲೆಕ್ಕಕ್ಕೆ ಪಾಂಡಾಸ್ ಅನ್ನುವ ಪ್ಯಾಕೇಜ್ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಬೇಕು. ಪ್ಯಾಕೇಜ್ ಇಳಿಸಿಕೊಡುವ ಪಿಪ್‌ಗೆ ‘ಪಿಪ್ ಇನ್‌ಸ್ಟಾಲ್ ಪಾಂಡಾಸ್’ ಅಂತ ಕೊಟ್ಟರೆ ‘ರಿಕ್ವೈರ್‌ಮೆಂಟ್ ಆಲ್ರೆಡಿ ಸ್ಯಾಟಿಸ್‌ಫೈಡ್’ ಅಂತ ಬರುತ್ತದೆ, ಪ್ರೋಗ್ರಾಂ ಬರೆದು ಓಡಿಸುವ ವಿಎಸ್ ಕೋಡ್‌ನಲ್ಲಿ ರನ್ ಒತ್ತಿದರೆ ‘ನೋ ಮಾಡ್ಯೂಲ್ ನೇಮ್ಡ್ ಪಾಂಡಾಸ್’ ಅಂತ ಬರುತ್ತದೆ. ನಾಲ್ಕು ಸಲ ತೆಗೆದು ಹಾಕಿದ್ದೀರಿ. ಜೊತೆಗೆ ಇನ್ನೆರಡು ತೊಂದರೆ: ಕನ್ನಡದಲ್ಲಿ ಊರಿನ ಹೆಸರು ಇರುವ ಫೈಲ್ ಓದಲು ಹೋದರೆ ‘ಚಾರ್‌ಮ್ಯಾಪ್’ ಎರರ್, ಮತ್ತು ಬಾಕ್ಸ್ ಲೆಕ್ಕ ಹಾಕಿದರೆ ಯಾವುದೋ ಕೋಟಿ ಸಂಖ್ಯೆ.

ನಾನು ಚಿಂತಾಮಣಿಯವನು. ದಿನವೂ ಪೈಥಾನ್‌ನಲ್ಲೇ ಕೆಲಸ. ದಯವಿಟ್ಟು ಐದನೇ ಸಲ ಅನ್‌ಇನ್‌ಸ್ಟಾಲ್ ಮಾಡಬೇಡಿ. ಪಾಂಡಾಸ್ ಸರಿಯಾಗಿಯೇ ಇದೆ. ಅದು ಇರುವ ಜಾಗ ಒಂದು, ನೀವು ಹುಡುಕುತ್ತಿರುವ ಜಾಗ ಇನ್ನೊಂದು.

ಉತ್ತರ ನೀವು ಹಾಕಿರುವ ಸಾಲುಗಳಲ್ಲೇ ಇದೆ. ‘ಆಲ್ರೆಡಿ ಸ್ಯಾಟಿಸ್‌ಫೈಡ್’ ಅಂತ ಬಂದ ಸಾಲನ್ನು ಕೊನೆಯವರೆಗೂ ಓದಿ. ಅಲ್ಲಿ ಒಂದು ಫೋಲ್ಡರ್ ದಾರಿ ಇದೆ, ಅದರ ನಡುವೆ ‘ಪೈಥಾನ್311’ ಅಂತ ಇದೆ. ಈಗ ವಿಎಸ್ ಕೋಡ್‌ನಲ್ಲಿ ರನ್ ಒತ್ತಿದಾಗ ಟರ್ಮಿನಲ್‌ನಲ್ಲಿ ತಾನಾಗೇ ಮೂಡಿದ ಸಾಲು ನೋಡಿ. ಅದರಲ್ಲಿ ‘ಪೈಥಾನ್313’ ಇದೆ. ಅಂದರೆ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಎರಡು ಪೈಥಾನ್ ಇವೆ, 3.11 ಒಂದು, 3.13 ಒಂದು. ಪಿಪ್ ಸಾಮಾನನ್ನು 3.11ಕ್ಕೆ ಇಳಿಸಿದೆ. ವಿಎಸ್ ಕೋಡ್ ಪ್ರೋಗ್ರಾಂ ಓಡಿಸುತ್ತಿರುವುದು 3.13ರಲ್ಲಿ. ನಿಮ್ಮೂರಿನ ಎಪಿಎಂಸಿಯಲ್ಲೇ ನೋಡಿ, ಗಾಡಿ ಒಂದು ಮಂಡಿಯಲ್ಲಿ ಲೋಡ್ ಇಳಿಸಿ ಹೋಗಿರುತ್ತದೆ, ನೀವು ಪಕ್ಕದ ಮಂಡಿಯಲ್ಲಿ ನಿಂತು ನನ್ನ ಬಾಕ್ಸ್ ಎಲ್ಲಿ ಅಂತ ಕೇಳಿದರೆ ಅವರು ಇಲ್ಲ ಅಂತಲೇ ಹೇಳಬೇಕು. ಪ್ರತಿಯೊಂದು ಪೈಥಾನ್‌ಗೂ ‘ಸೈಟ್ ಪ್ಯಾಕೇಜಸ್’ ಅನ್ನುವ ಅದರದೇ ಫೋಲ್ಡರ್ ಇರುತ್ತದೆ, ಒಂದರದ್ದು ಇನ್ನೊಂದಕ್ಕೆ ಕಾಣುವುದಿಲ್ಲ.

ಖಾತ್ರಿ ಮಾಡಿಕೊಳ್ಳಬೇಕು ಅಂದರೆ ಪ್ರೋಗ್ರಾಂನ ಮೊದಲ ಎರಡು ಸಾಲಿನಲ್ಲಿ ‘ಇಂಪೋರ್ಟ್ ಸಿಸ್’ ಅಂತ ಬರೆದು ‘ಸಿಸ್ ಡಾಟ್ ಎಕ್ಸಿಕ್ಯೂಟಬಲ್’ ಅನ್ನು ಪ್ರಿಂಟ್ ಮಾಡಿ. ಈಗ ಓಡುತ್ತಿರುವ ಪೈಥಾನ್ ಯಾವುದು ಅಂತ ಪೂರ್ತಿ ದಾರಿ ಬರುತ್ತದೆ. (ಕಮಾಂಡುಗಳನ್ನು ಓದಲು ಸುಲಭ ಆಗಲಿ ಅಂತ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲೇ, ನಾನು ಬೇರೆ ಹೇಳದಿದ್ದರೆ ಎಲ್ಲಾ ಸಣ್ಣಕ್ಷರದಲ್ಲಿ ಮಾಡಿ.) ಯಾರೇ ಪ್ಯಾಕೇಜ್ ಸಿಗುತ್ತಿಲ್ಲ ಅಂತ ಬಂದರೂ ನಾನು ಮೊದಲು ಕೇಳುವುದು ಇದೇ: ಯಾವ ಪೈಥಾನ್?

ಈಗ ಸರಿ ಮಾಡೋಣ. ಬರೀ ‘ಪಿಪ್ ಇನ್‌ಸ್ಟಾಲ್’ ಅಂತ ಕೊಡುವ ಅಭ್ಯಾಸವನ್ನೇ ಬಿಟ್ಟುಬಿಡಿ. ಹಾಗೆ ಕೊಟ್ಟಾಗ ಪಾತ್‌ನಲ್ಲಿ (ಪ್ರೋಗ್ರಾಂ ಹುಡುಕಲು ವಿಂಡೋಸ್ ನೋಡುವ ಫೋಲ್ಡರ್‌ಗಳ ಪಟ್ಟಿ) ಯಾವ ಪಿಪ್ ಮೊದಲು ಸಿಗುತ್ತದೋ ಅದು ಎದ್ದು ಬರುತ್ತದೆ. ಅದರ ಬದಲು ‘ಪೈಥಾನ್ ಹೈಫನ್ ಎಂ ಪಿಪ್ ಇನ್‌ಸ್ಟಾಲ್ ಪಾಂಡಾಸ್’ ಅಂತ ಕೊಡಿ (ಹೈಫನ್ ಮತ್ತು ಎಂ ನಡುವೆ ಜಾಗ ಬಿಡಬೇಡಿ). ಈ ಪೈಥಾನ್‌ಗೆ ಸೇರಿದ ಪಿಪ್ ಮಾತ್ರ ಕೆಲಸ ಮಾಡಲಿ ಅಂತ ಇದರ ಅರ್ಥ. ವಿಂಡೋಸ್‌ನಲ್ಲಿ ‘ಪೈ’ ಅನ್ನುವ ಲಾಂಚರ್ ಇದ್ದರೆ ‘ಪೈ ಹೈಫನ್ 3.13 ಹೈಫನ್ ಎಂ ಪಿಪ್ ಇನ್‌ಸ್ಟಾಲ್ ಪಾಂಡಾಸ್’ ಅಂತ ಕೊಟ್ಟು ವರ್ಷನ್ನನ್ನೇ ಹೆಸರಿಸಬಹುದು. ನಿಮಗೆ 3.13 ಬೇಡ, 3.11 ಸಾಕು ಅನ್ನುವುದಾದರೆ ವಿಎಸ್ ಕೋಡ್‌ನ ಕೆಳಗೆ ಬಲಮೂಲೆಯಲ್ಲಿ ಕಾಣುವ ವರ್ಷನ್ ನಂಬರ್ ಮೇಲೆ ಕ್ಲಿಕ್ ಮಾಡಿ ‘ಸೆಲೆಕ್ಟ್ ಇಂಟರ್‌ಪ್ರಿಟರ್’ನಲ್ಲಿ 3.11 ಆರಿಸಿ. ಏನೂ ಇನ್‌ಸ್ಟಾಲ್ ಮಾಡದೇ ನಿಮ್ಮ ಪ್ರೋಗ್ರಾಂಗೆ ಪಾಂಡಾಸ್ ಸಿಗುತ್ತದೆ.

ಆದರೆ ಪ್ರಾಜೆಕ್ಟ್ ಅಂದಮೇಲೆ ನಾನು ಹೇಳುವುದು ವೆನ್ವ್ ಮಾಡಿಕೊಳ್ಳಿ ಅಂತ. ಅದು ಪೈಥಾನ್ ಜೊತೆಗೇ ಬರುತ್ತದೆ, 3.3ರಿಂದಲೂ ಇದೆ. ಪ್ರಾಜೆಕ್ಟ್ ಫೋಲ್ಡರ್ ಒಳಗೆ ನಿಂತು ‘ಪೈಥಾನ್ ಹೈಫನ್ ಎಂ ವೆನ್ವ್’ ಅಂತ ಬರೆದು ಒಂದು ಹೆಸರು ಕೊಟ್ಟರೆ ಆ ಪ್ರಾಜೆಕ್ಟಿಗೆ ಅಂತಲೇ ಬೇರೆ ಜಾಗ ಆಗುತ್ತದೆ. ಅದನ್ನು ಆಕ್ಟಿವೇಟ್ ಮಾಡುವಾಗ ಪವರ್‌ಶೆಲ್ ‘ಸ್ಕ್ರಿಪ್ಟ್ ಓಡಿಸಲು ಅನುಮತಿ ಇಲ್ಲ’ ಅಂತ ಕೆಂಪಕ್ಷರದಲ್ಲಿ ಬೈಯಬಹುದು, ಹೆದರಬೇಡಿ, ಪವರ್‌ಶೆಲ್ ಬದಲು ಹಳೆಯ ಕಮಾಂಡ್ ಪ್ರಾಂಪ್ಟ್ ತೆರೆದು ಅಲ್ಲಿಂದ ಆಕ್ಟಿವೇಟ್ ಮಾಡಿದರೆ ಆ ಗಲಾಟೆಯೇ ಇರುವುದಿಲ್ಲ. ಇನ್ನೊಂದು ಮಾತು. ವೆನ್ವ್ ಫೋಲ್ಡರನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಕಾಲೇಜು ಲ್ಯಾಬ್‌ನಲ್ಲಿ ಓಡಿಸಲು ಹೋಗಬೇಡಿ. ಅದರೊಳಗೆ ನಿಮ್ಮ ಲ್ಯಾಪ್‌ಟಾಪ್‌ನ ದಾರಿಗಳು ಬರೆದುಕೊಂಡಿರುತ್ತವೆ. ‘ಪಿಪ್ ಫ್ರೀಜ್’ ಕೊಟ್ಟು ಬರುವ ಪಟ್ಟಿಯನ್ನು ರಿಕ್ವೈರ್‌ಮೆಂಟ್ಸ್ ಫೈಲ್‌ನಲ್ಲಿ ಉಳಿಸಿ, ಅಲ್ಲಿ ಹೊಸ ವೆನ್ವ್ ಮಾಡಿ ಆ ಪಟ್ಟಿಯಿಂದ ಇನ್‌ಸ್ಟಾಲ್ ಮಾಡಿ. ಲ್ಯಾಬ್‌ನಲ್ಲಿ ನೆಟ್ ಇಲ್ಲವಾ? ಮನೆಯಲ್ಲೇ ‘ಪಿಪ್ ಡೌನ್‌ಲೋಡ್’ ಮಾಡಿ ಬಂದ ಫೈಲುಗಳನ್ನು ಪೆನ್‌ಡ್ರೈವ್‌ನಲ್ಲಿ ಒಯ್ಯಬಹುದು. ಎರಡೂ ಕಡೆ ಪೈಥಾನ್ ವರ್ಷನ್ ಮತ್ತು ವಿಂಡೋಸ್ ಒಂದೇ ಥರ ಇದ್ದರೆ ಸಾಕು.

ಮುಂದೆ ಸಿಗಬಹುದಾದ ಒಂದು ಗುಂಡಿ ಈಗಲೇ ಹೇಳಿಬಿಡುತ್ತೇನೆ. ಇನ್‌ಸ್ಟಾಲ್ ಮಾಡುವ ಹೆಸರು, ಇಂಪೋರ್ಟ್ ಮಾಡುವ ಹೆಸರು ಎಲ್ಲಾ ಕಡೆ ಒಂದೇ ಇರುವುದಿಲ್ಲ. ಪಿಲ್ಲೋ ಅಂತ ಇನ್‌ಸ್ಟಾಲ್ ಮಾಡಿ ಪಿಐಎಲ್ (ಇದು ಮೂರೂ ದೊಡ್ಡಕ್ಷರ) ಅಂತ ಇಂಪೋರ್ಟ್ ಮಾಡಬೇಕು. ಓಪನ್‌ಸಿವಿ ಹೈಫನ್ ಪೈಥಾನ್ ಹಾಕಿದರೆ ಇಂಪೋರ್ಟ್‌ನಲ್ಲಿ ಸಿವಿ2. ಸೈಕಿಟ್ ಲರ್ನ್ ಅನ್ನುವುದು ಇಂಪೋರ್ಟ್‌ಗೆ ಬಂದರೆ ಎಸ್‌ಕೆಲರ್ನ್. ಆದ್ದರಿಂದ ಎರರ್‌ನಲ್ಲಿ ಕಂಡ ಹೆಸರನ್ನೇ ಸುಮ್ನೆ ಪಿಪ್‌ಗೆ ಕೊಟ್ಟು ನೋಡುವ ಕೆಲಸ ಮಾಡಬೇಡಿ. ಪಿಪ್ ಪ್ಯಾಕೇಜ್ ತರುವ ಪೈಪಿಐ ಜಾಲತಾಣದಲ್ಲಿ ಯಾರು ಬೇಕಾದರೂ ಪ್ಯಾಕೇಜ್ ಹಾಕಬಹುದು. ಒಳ್ಳೆಯ ಪ್ಯಾಕೇಜಿನ ಹೆಸರಿಗೆ ಒಂದೇ ಅಕ್ಷರ ವ್ಯತ್ಯಾಸ ಇಟ್ಟು ಕೆಟ್ಟ ಕೋಡ್ ತುರುಕಿದ ಪ್ಯಾಕೇಜುಗಳು ಅಲ್ಲಿ ಸಿಕ್ಕಿಬಿದ್ದಿವೆ. ಆ ಪ್ಯಾಕೇಜಿನ ಸ್ವಂತ ದಾಖಲೆ ಪುಟದಿಂದ ಹೆಸರು ನೋಡಿ ಹಾಕಿ.

ಇನ್ನು ನಿಮ್ಮ ಫೋಲ್ಡರ್‌ನ ಸ್ಕ್ರೀನ್‌ಶಾಟ್. ಅದರಲ್ಲಿ ಟೆಸ್ಟ್1, ಟೆಸ್ಟ್2 ಜೊತೆಗೆ ‘ಸಿಎಸ್‌ವಿ ಡಾಟ್ ಪಿವೈ’ ಅಂತ ಒಂದು ಫೈಲ್ ಇದೆ (ಸಿಎಸ್‌ವಿ ಅಂದರೆ ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಪಟ್ಟಿಯ ಫೈಲ್, ಅದನ್ನು ಓದುವ ಪೈಥಾನ್‌ನ ಸ್ವಂತ ಮಾಡ್ಯೂಲ್ ಹೆಸರೂ ಅದೇ). ಅದರ ಹೆಸರು ಈಗಲೇ ಬದಲಿಸಿ. ಇದೇ ತಪ್ಪಿನಿಂದ ನಾನು ಒಂದು ಇಡೀ ರಾತ್ರಿ ಕಳೆದುಕೊಂಡಿದ್ದೇನೆ. ಶಿಡ್ಲಘಟ್ಟದಲ್ಲಿ ನಮ್ಮ ಚಿಕ್ಕಪ್ಪನದು ಸಣ್ಣ ರೇಷ್ಮೆ ರೀಲಿಂಗ್ ಘಟಕ. ಗೂಡಿನ ಮಾರುಕಟ್ಟೆಯಲ್ಲಿ ಯಾವ ದಿನ ಯಾವ ಲಾಟ್ ಎಷ್ಟಕ್ಕೆ ತಂದರು, ಅದರಿಂದ ಎಷ್ಟು ನೂಲು ಬಂತು ಅನ್ನುವ ಲೆಕ್ಕ ಅವರ ಉದ್ದದ ಪುಸ್ತಕದಲ್ಲಿತ್ತು. ಅದನ್ನು ಕಂಪ್ಯೂಟರಿಗೆ ತರುತ್ತೇನೆ ಅಂತ ಹೊರಟು, ಸಿಎಸ್‌ವಿ ಓದುವ ಪ್ರೋಗ್ರಾಂ ತಾನೇ ಅಂತ ಅದೇ ಹೆಸರಿನಲ್ಲಿ ಉಳಿಸಿದೆ. ಓಡಿಸಿದರೆ ‘ಸಿಎಸ್‌ವಿಯಲ್ಲಿ ರೀಡರ್ ಅನ್ನುವುದೇ ಇಲ್ಲ’ ಅಂತ ಎರರ್. ಪೈಥಾನನ್ನೇ ಎರಡು ಸಲ ತೆಗೆದು ಹಾಕಿದೆ. ಚಿಕ್ಕಪ್ಪ ಬೆಳಿಗ್ಗೆ ಮಾರುಕಟ್ಟೆಗೆ ಹೊರಡುವ ಹೊತ್ತಿಗೂ ನಾನು ಅದೇ ಜಗುಲಿಯಲ್ಲಿ ಅದೇ ಎರರ್ ನೋಡುತ್ತಾ ಕೂತಿದ್ದೆ. ಆಮೇಲೆ ಎರರ್‌ನಲ್ಲಿದ್ದ ಫೈಲ್ ದಾರಿ ಕಣ್ಣಿಗೆ ಬಿತ್ತು. ಅದು ಪೈಥಾನ್ ಫೋಲ್ಡರ್‌ನ ದಾರಿಯಲ್ಲ, ನನ್ನ ಫೋಲ್ಡರ್‌ನದೇ. ಇಂಪೋರ್ಟ್ ಅಂದಾಗ ಪೈಥಾನ್ ಸ್ವಂತ ಮಾಡ್ಯೂಲ್‌ಗಳನ್ನು ಹುಡುಕುವ ಮೊದಲು ನಿಮ್ಮ ಪ್ರೋಗ್ರಾಂ ಇರುವ ಫೋಲ್ಡರನ್ನೇ ನೋಡುತ್ತದೆ. ಅಲ್ಲಿ ಅದೇ ಹೆಸರಿನ ಫೈಲ್ ಕಂಡರೆ ಅದನ್ನೇ ಎತ್ತಿಕೊಳ್ಳುತ್ತದೆ.

ನಿಮ್ಮ ವಿಷಯದಲ್ಲಿ ಇದು ಇನ್ನೂ ಜಾಸ್ತಿ ಕಾಡುತ್ತದೆ. ಯಾಕೆಂದರೆ ಪಾಂಡಾಸ್ ಕೂಡ ಒಳಗಡೆ ಸಿಎಸ್‌ವಿ ಮಾಡ್ಯೂಲನ್ನು ಇಂಪೋರ್ಟ್ ಮಾಡುತ್ತದೆ. ಮೊದಲ ತೊಂದರೆ ಸರಿಯಾದ ಕೂಡಲೇ ಪಾಂಡಾಸ್‌ಗೆ ನಿಮ್ಮ ಫೈಲ್ ಸಿಕ್ಕಿ, ಎಲ್ಲೋ ಪಾಂಡಾಸ್ ಒಳಗೆ ಎರರ್ ಬಂದಂತೆ ಕಾಣುತ್ತದೆ. ಆಗ ಮತ್ತೆ ಅದನ್ನು ಅನ್‌ಇನ್‌ಸ್ಟಾಲ್ ಮಾಡಬೇಕು ಅನ್ನಿಸುತ್ತದೆ. ಬೇಡ.

ಕನ್ನಡದ ಚಾರ್‌ಮ್ಯಾಪ್ ಎರರ್‌ಗೆ ಬರೋಣ. ನೀವು ಬರೆದಿದ್ದು ತುಂಬಾ ಒಳ್ಳೆಯ ಸುಳಿವು: ಕೋಲಾರ, ಚಿಂತಾಮಣಿ ಎರಡೇ ಸಾಲು ಇದ್ದಾಗ ವಿಚಿತ್ರ ಅಕ್ಷರ ಬಂದರೂ ಪ್ರೋಗ್ರಾಂ ಓಡಿತು, ಮುಳಬಾಗಿಲು ಸೇರಿಸಿದ ಮೇಲೆ ನಿಂತುಹೋಯಿತು. ಮುಳಬಾಗಿಲು ಏನು ತಪ್ಪು ಮಾಡಿತು? ಅಕ್ಷರಗಳನ್ನು ಬೈಟ್‌ಗಳಾಗಿ ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್. ನೀವು ‘ಓಪನ್’ ಕೊಟ್ಟಾಗ ಎನ್‌ಕೋಡಿಂಗ್ (ಯಾವ ಪದ್ಧತಿ ಅಂತ) ಹೇಳಲಿಲ್ಲ, ಆದ್ದರಿಂದ ನಿಮ್ಮ ಪೈಥಾನ್ ವಿಂಡೋಸ್‌ನ ಹಳೆಯ 1252 ಪಟ್ಟಿ ಹಿಡಿದು ಒಂದೊಂದೇ ಬೈಟ್ ಓದಿತು. ಆ ಪಟ್ಟಿಯಲ್ಲಿ ಐದು ಬೈಟ್‌ಗಳಿಗೆ ಅಕ್ಷರವೇ ಇಲ್ಲ, ಅದರಲ್ಲಿ 81 (ಹೆಕ್ಸ್, ಅಂದರೆ ಹದಿನಾರರ ಎಣಿಕೆಯಲ್ಲಿ) ಒಂದು. ನಮ್ಮ ಕೊಂಬಿನ ಸಂಕೇತದ ಕೊನೆಯ ಬೈಟ್ ಅದೇ 81! ನಿಮ್ಮ ಎರರ್‌ನಲ್ಲೂ ಅದೇ ನಂಬರ್ ಇದೆ ನೋಡಿ. ಕೋಲಾರದಲ್ಲಿ, ಚಿಂತಾಮಣಿಯಲ್ಲಿ ಕೊಂಬು ಇಲ್ಲ, ಮುಳಬಾಗಿಲಿನಲ್ಲಿ ಎರಡು ಇವೆ. ಒತ್ತಕ್ಷರಕ್ಕೆ ಬೇಕಾದ ಹಲಂತದ್ದೂ ಇದೇ ಕಥೆ, ಅದರ ಬೈಟ್ ಕೂಡ ಪಟ್ಟಿಯಲ್ಲಿ ಖಾಲಿ. ಹಾಗಾಗಿ ಚಿಕ್ಕಬಳ್ಳಾಪುರ ಸೇರಿಸಿದ್ದರೂ ನಿಲ್ಲುತ್ತಿತ್ತು. ಎರರ್ ಬರದೆ ಓಡಿದ ಎರಡು ಸಾಲೂ ತಪ್ಪಾಗಿಯೇ ಓದಿಕೊಂಡಿದ್ದವು.

ಪರಿಹಾರ ಒಂದೇ ಮಾತು. ಓಪನ್ ಕೊಡುವಾಗ ಪ್ರತಿ ಸಲ ‘ಎನ್‌ಕೋಡಿಂಗ್ ಯುಟಿಎಫ್-8’ ಅಂತ ಬರೆಯಿರಿ. ಪಾಂಡಾಸ್‌ನ ರೀಡ್ ಸಿಎಸ್‌ವಿ ತಾನಾಗೇ ಯುಟಿಎಫ್-8 ಅಂತಲೇ ಓದುತ್ತದೆ. ಎಕ್ಸೆಲ್‌ನಲ್ಲಿ ಉಳಿಸುವಾಗ ಮಾತ್ರ ಹುಷಾರು. ಬರೀ ‘ಸಿಎಸ್‌ವಿ’ ಆರಿಸಿದರೆ ಕನ್ನಡ ಎಲ್ಲಾ ಪ್ರಶ್ನೆ ಚಿಹ್ನೆ ಆಗಿಬಿಡುತ್ತದೆ, ಆ ಫೈಲಿನಿಂದ ಮತ್ತೆ ಕನ್ನಡ ತೆಗೆಯಲು ಸಾಧ್ಯವೇ ಇಲ್ಲ. ‘ಸಿಎಸ್‌ವಿ ಯುಟಿಎಫ್-8’ ಅನ್ನುವುದನ್ನೇ ಆರಿಸಿ. ಪೈಥಾನ್‌ನಿಂದ ಬರೆದ ಫೈಲ್ ಎಕ್ಸೆಲ್‌ನಲ್ಲಿ ಸರಿಯಾಗಿ ತೆರೆಯಬೇಕು ಅಂದರೆ ‘ಯುಟಿಎಫ್-8-ಸಿಗ್’ ಕೊಡಿ.

ಕೋಟಿ ಲೆಕ್ಕದ ವಿಷಯ ಚಿಕ್ಕದು. ‘ಇನ್‌ಪುಟ್’ ಯಾವಾಗಲೂ ಅಕ್ಷರದ ಸಾಲು ಕೊಡುತ್ತದೆ, ಸಂಖ್ಯೆ ಅಲ್ಲ. ಬಾಕ್ಸ್ ದರ 450 ಅಂತ ಟೈಪ್ ಮಾಡಿ ಅದನ್ನು 3ರಿಂದ ಗುಣಿಸಿದರೆ ಪೈಥಾನ್ ಆ ಅಕ್ಷರಗಳನ್ನೇ ಮೂರು ಸಲ ಬರೆಯುತ್ತದೆ: 450450450. ಮೂರು ಬಾಕ್ಸಿಗೆ 45 ಕೋಟಿ! ಅದೇ 15 ಕೆಜಿ ಬಾಕ್ಸ್ ಅಂತ 15ರಿಂದ ಭಾಗಿಸಿದ್ದರೆ ಎರರ್ ಬರುತ್ತಿತ್ತು, ಅಲ್ಲೇ ಗೊತ್ತಾಗುತ್ತಿತ್ತು. ‘ಇಂಟ್’ ಒಳಗೆ ಹಾಕಿ, ಸರಿಯಾಗುತ್ತದೆ. ಖುಷಿಯ ವಿಷಯ, ೪೫೦ ಅಂತ ಕನ್ನಡ ಅಂಕಿಯಲ್ಲಿ ಕೊಟ್ಟರೂ ‘ಇಂಟ್’ ಅದನ್ನು 450 ಅಂತಲೇ ತೆಗೆದುಕೊಳ್ಳುತ್ತದೆ.

ನೀವು ಕೇಳದ ಒಂದು ಮಾತು, ಆದರೆ ನಿಮ್ಮ ಪ್ರಾಜೆಕ್ಟನ್ನೇ ತಪ್ಪು ದಾರಿಗೆ ಎಳೆಯಬಲ್ಲದ್ದು. 2023ರ ಜುಲೈನಲ್ಲಿ ಕೋಲಾರದಲ್ಲಿ ಬಾಕ್ಸ್ 2,000 ರೂಪಾಯಿ ದಾಟಿತ್ತು, ನೆನಪಿರಬೇಕು. ನಿಮ್ಮ ಫೈಲ್‌ನಲ್ಲಿ ಆ ದಿನಗಳ ದರದಲ್ಲಿ ಅಲ್ಪವಿರಾಮ ಇದೆ. ಅದೊಂದು ಇದ್ದರೆ ಸಾಕು, ಪಾಂಡಾಸ್ ಇಡೀ ಕಾಲಂ ಅನ್ನು ಅಕ್ಷರ ಅಂತ ತಿಳಿದುಬಿಡುತ್ತದೆ. ಓದುವಾಗಲೇ ‘ಥೌಸಂಡ್ಸ್’ ಜಾಗದಲ್ಲಿ ಅಲ್ಪವಿರಾಮ ಕೊಡಿ. ಹಾಗೇ 05-07-2023 ಅಂದರೆ ನಮಗೆ ಜುಲೈ 5, ಪಾಂಡಾಸ್‌ಗೆ ಏನೂ ಹೇಳದಿದ್ದರೆ ಅದು ಮೇ 7. ‘ಡೇ ಫಸ್ಟ್’ ಟ್ರೂ (ಇದರ ಟಿ ದೊಡ್ಡಕ್ಷರ) ಅಂತ ಕೊಡದೆ ಗ್ರಾಫ್ ಹಾಕಿದರೆ ಜುಲೈನ ಏರಿಕೆಯ ಒಂದಷ್ಟು ಭಾಗ ಬೇರೆ ತಿಂಗಳಿಗೆ ಹೋಗಿ ಕೂರಬಹುದು. ಆ ದರಕ್ಕಾಗಿ ಹೊಲದಲ್ಲಿ ರಾತ್ರಿ ಕಾವಲು ಕೂತವರ ಮಕ್ಕಳು ನಿಮ್ಮ ಕ್ಲಾಸಿನಲ್ಲೇ ಇರಬಹುದು, ಗ್ರಾಫ್ ಅವರಿಗೆ ಸರಿಯಾಗಿ ಕಾಣಬೇಕಲ್ವಾ.

ಈ ಕ್ರಮದಲ್ಲಿ ಮಾಡಿ: ಮೊದಲು ಸಿಎಸ್‌ವಿ ಹೆಸರಿನ ಫೈಲ್ ಬದಲಿಸಿ, ಆಮೇಲೆ ಇಂಟರ್‌ಪ್ರಿಟರ್, ಆಮೇಲೆ ಎನ್‌ಕೋಡಿಂಗ್. ಆಗದಿದ್ದರೆ ‘ಸಿಸ್ ಡಾಟ್ ಎಕ್ಸಿಕ್ಯೂಟಬಲ್’ ತೋರಿಸಿದ ದಾರಿ ಮತ್ತು ಎರರ್‌ನ ಕೊನೆಯ ನಾಲ್ಕೈದು ಸಾಲು ಇಲ್ಲೇ ಕೆಳಗೆ ಹಾಕಿ. ಫೋಟೊ ಬೇಡ, ಕಾಪಿ ಮಾಡಿ ಹಾಕಿ. ರಾತ್ರಿ ಊಟ ಆದಮೇಲೆ ನೋಡುತ್ತೇನೆ.