ಕುತ್ತಿಗೆ ತೆರೆದು ನೋಡದೆ ಕಳಿಸಿದ್ದು ತಪ್ಪೇ?

ಹುಬ್ಬಳ್ಳಿಯ ಓದುಗರೊಬ್ಬರ ಪತ್ರದ ಸಾರ: ತಮ್ಮನ ಆರು ವರ್ಷದ ಮಗ ಮುರಿದ ಛತ್ರಿಯ ಕಡ್ಡಿ ಹಿಡಿದು ಓಡುವಾಗ ಬಿದ್ದ. ಕಡ್ಡಿ ಕಿವಿಯ ಕೆಳಗೆ, ದವಡೆಯ ಹಿಂದೆ ಚುಚ್ಚಿತು. ಅಜ್ಜಿ ಗಾಬರಿಯಲ್ಲಿ ಕಿತ್ತು ತೆಗೆದರು. ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದರು, ಮೊದಲ ದಿನ ನೀರೂ ಕೊಡಲಿಲ್ಲ, ಆಗಾಗ ಕುತ್ತಿಗೆ ಮುಟ್ಟಿ ನೋಡಿ ಹೋದರು. ಮೂರನೇ ದಿನ ಆಪರೇಷನ್ ಇಲ್ಲದೆ ಮನೆಗೆ ಕಳಿಸಿದರು. "ಇದು ನಿರ್ಲಕ್ಷ್ಯ ಅಲ್ವಾ? ಬೆಂಗಳೂರಿಗೆ ಹೋಗಿ ಇನ್ನೊಂದು ಸ್ಕ್ಯಾನ್ ಮಾಡಿಸಲಾ?"

ಸಂಪಾದಕರ ಉತ್ತರ:

ನೀವು ಬರೆದದ್ದನ್ನೇ ಓದಿದರೆ ನನಗೆ ನಿರ್ಲಕ್ಷ್ಯ ಕಾಣುವುದಿಲ್ಲ. ಒಳ್ಳೆಯ ಕಾವಲು ಕಾಣುತ್ತದೆ.

ತೆರೆದು ನೋಡಲೇಬೇಕು ಎಂಬ ಕಾಲವೂ ಇತ್ತು. 1956ರಲ್ಲಿ ಅಮೆರಿಕದ ಡಲ್ಲಾಸ್‌ನ ಫೋಗೆಲ್ಮನ್ ಮತ್ತು ಸ್ಟೀವರ್ಟ್ ಎಂಬ ವೈದ್ಯರು ಕುತ್ತಿಗೆಗೆ ಆಳ ಗಾಯವಾದ 100 ರೋಗಿಗಳ ಲೆಕ್ಕ ಕೊಟ್ಟರು. ಬೇಗ ಆಪರೇಷನ್ ಆದವರಲ್ಲಿ ಸತ್ತವರು ನೂರಕ್ಕೆ 6, ಉಳಿದವರಲ್ಲಿ 35. ಅಲ್ಲಿಂದ ಮುಂದೆ, ಚರ್ಮದಡಿಯ ಪ್ಲಟಿಸ್ಮಾ ಎಂಬ ತೆಳು ಸ್ನಾಯುವನ್ನು ಗಾಯ ದಾಟಿದೆ ಎಂದರೆ ಕುತ್ತಿಗೆ ತೆರೆಯುವುದೇ ರೂಢಿಯಾಯಿತು. ಆದರೆ ತೆರೆದ ಎಷ್ಟೋ ಕುತ್ತಿಗೆಗಳಲ್ಲಿ ಹೊಲಿಯುವಂಥದ್ದು ಏನೂ ಸಿಗುತ್ತಿರಲಿಲ್ಲ. ಹಾಗಾಗಿ ಆ ರೂಢಿ ನಿಧಾನಕ್ಕೆ ಸಡಿಲವಾಯಿತು, ರಕ್ತನಾಳ ತೋರಿಸುವ ಸಿಟಿ ಆಂಜಿಯೋ ಸ್ಕ್ಯಾನ್ ಬಂದ ಮೇಲೆ ಇನ್ನೂ ಹೆಚ್ಚು.

ಈಗಲೂ ರಕ್ತ ಚಿಮ್ಮುತ್ತಿದ್ದರೆ, ಊತ ಕಣ್ಣೆದುರೇ ದೊಡ್ಡದಾಗುತ್ತಿದ್ದರೆ, ಗಾಯದಿಂದ ಗಾಳಿಗುಳ್ಳೆ ಬರುತ್ತಿದ್ದರೆ ಯಾರೂ ಸ್ಕ್ಯಾನ್‌ಗೆ ಕಾಯುವುದಿಲ್ಲ. ನೇರ ಥಿಯೇಟರ್. ನಿಮ್ಮ ಹುಡುಗನಿಗೆ ಇವು ಯಾವುವೂ ಇರಲಿಲ್ಲ. ಮೇಲಾಗಿ ಕಡ್ಡಿ ಹೋಗಿದ್ದು ದವಡೆಯ ಹಿಂದೆ, ತಲೆಬುರುಡೆಯ ಬುಡದ ಹತ್ತಿರ. ಅಲ್ಲಿ ಸರ್ಜನ್ ಕೈ ಆಡಿಸಲು ಜಾಗವೇ ಕಡಿಮೆ, ಮುಖದ ನರ ಬೇರೆ ಅಲ್ಲೇ ಹಾದುಹೋಗುತ್ತದೆ. ಸುಮ್ನೆ ನೋಡೋಣ ಅಂತ ತೆರೆಯುವ ಜಾಗ ಅದಲ್ಲ.

ಇನ್ನು ಆ ಮುಟ್ಟಿ ನೋಡುವುದು. ಬೆರಳಿಟ್ಟಾಗ ಚರ್ಮದಡಿ ಚರಚರ ಅಂದರೆ ಶ್ವಾಸನಾಳವೋ ಅನ್ನನಾಳವೋ ತೂತಾಗಿ ಗಾಳಿ ಸೋರಿರಬಹುದು. ನೀರು ಕೊಡದಿದ್ದುದಕ್ಕೂ ಕಾರಣ ಇದೇ. ಅನ್ನನಾಳದ ತೂತು ಮೊದಲು ಗೊತ್ತೇ ಆಗುವುದಿಲ್ಲ. ಒಂದು ದಿನ ಕಳೆದರೆ ಸೋಂಕು ಎದೆಗೆ ಇಳಿಯಬಹುದು, ಆಮೇಲೆ ಹೊಲಿಗೆಯೂ ಸುಲಭವಲ್ಲ. ಜೊತೆಗೆ ನಾಡಿಯನ್ನೂ ಎಣಿಸಿರುತ್ತಾರೆ. 18 ಕಿಲೋ ಮಗುವಿನ ಮೈಯಲ್ಲಿರುವುದು ಒಂದೂವರೆ ಲೀಟರ್‌ಗಿಂತ ಕಡಿಮೆ ರಕ್ತ. ಅದರಲ್ಲಿ ಕಾಲು ಭಾಗ ಹೋದರೂ ಬಿಪಿ ನಾರ್ಮಲ್ ಇರಬಹುದು, ನಾಡಿ ಮಾತ್ರ ಮೊದಲೇ ಓಡತೊಡಗುತ್ತದೆ. ಮಕ್ಕಳ ಉಸಿರಿನ ದಾರಿಯೂ ಕಿರಿದು, ಸ್ವಲ್ಪ ಊದಿದರೂ ಕಷ್ಟ. ಅದಕ್ಕೇ ಆ ಎರಡು ದಿನ.

ಅಜ್ಜಿಯನ್ನು ಬೈಯಬೇಡಿ. ಆದರೆ ಚುಚ್ಚಿದ್ದನ್ನು ಕೀಳಬಾರದು ಅಂತ ಮನೆಯವರಿಗೆಲ್ಲ ಹೇಳಿ. ಕೆಲವೊಮ್ಮೆ ಆ ಕಡ್ಡಿಯೇ ಹರಿದ ರಕ್ತನಾಳವನ್ನು ಮುಚ್ಚಿಕೊಂಡಿರುತ್ತದೆ. ಅದನ್ನು ಅಲುಗಾಡದಂತೆ ಹಿಡಿದು, ರಕ್ತ ಬರುತ್ತಿದ್ದರೆ ಸುತ್ತ ಬಟ್ಟೆ ಒತ್ತಿ ಕರೆದೊಯ್ಯಬೇಕು. ಕುತ್ತಿಗೆಗೆ ಬಟ್ಟೆ ಬಿಗಿದು ಸುತ್ತಬಾರದು.

ಬೆಂಗಳೂರಿನ ಸ್ಕ್ಯಾನ್? ಸುಮ್ಮನೆ ಧೈರ್ಯಕ್ಕಾಗಿ ಬೇಡ. ಮಕ್ಕಳ ಥೈರಾಯ್ಡ್‌ಗೆ ವಿಕಿರಣ ಜಾಸ್ತಿ ತಾಗುತ್ತದೆ. ನೋಡಿಕೊಂಡ ಡಾಕ್ಟರೇ ಬೇಕು ಅಂದರೆ ಮಾತು ಬೇರೆ. ಜ್ವರ, ನುಂಗುವಾಗ ನೋವು, ಹೊಸ ಊತ, ದನಿಯಲ್ಲಿ ಬದಲಾವಣೆ, ಕೈಕಾಲಿನಲ್ಲಿ ಬಲ ಕಡಿಮೆ, ಇವುಗಳಲ್ಲಿ ಒಂದು ಕಂಡರೂ ರಾತ್ರಿಯಾದರೂ ಸರಿ, ಅದೇ ಆಸ್ಪತ್ರೆಗೆ ಹೊರಡಿ. ಹಳೆಯ ಸ್ಕ್ಯಾನ್ ಸಿಡಿ ಮರೆಯಬೇಡಿ.