ತಾರಸಿಯ ಮೇಲಿನ ದೂರದರ್ಶಕ ಮತ್ತು ರಾತ್ರಿ ಒಂಬತ್ತೂವರೆಯ ಕರೆ

ಪ್ರಶ್ನೆ: ಮಾನ್ಯರೆ, ನಾನು ಹೊಸದುರ್ಗ ತಾಲ್ಲೂಕಿನ ಹಳ್ಳಿಯವನು, ವಯಸ್ಸು 26. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದು, ವಿಜಯನಗರದ ಬಾಡಿಗೆ ಮನೆಯೊಂದರ ಮೂರನೇ ಮಹಡಿಯಲ್ಲಿದ್ದೇನೆ. ದೀಪಾವಳಿಯ ಬೋನಸ್ಸಿನಲ್ಲಿ 70 ಮಿ.ಮೀ. ವ್ಯಾಸದ ದೂರದರ್ಶಕವನ್ನು ಕೊಂಡೆ. ಪೆಟ್ಟಿಗೆಯ ಮೇಲೆ ‘525 ಪಟ್ಟು’ ಎಂದು ಅಚ್ಚಾಗಿದ್ದರೂ ಅಷ್ಟಕ್ಕೆ ಏರಿಸಿದರೆ ಗುರು ಗ್ರಹವು ಹಾಲಿಗೆ ಬಿದ್ದ ಬೆಣ್ಣೆಯಂತೆ ಮಸುಕಾಗಿ ತೇಲುತ್ತದೆ, ಕೈ ತಾಗಿದರೆ ಮಾಯವಾಗುತ್ತದೆ. ಎದುರಿನ ನೀರಿನ ತೊಟ್ಟಿಯ ಮೇಲಿನ ಅಕ್ಷರಗಳು ಎಡಬಲ ಅದಲುಬದಲಾಗಿ ಕಾಣುತ್ತವೆ. ನ್ಯೂಯಾರ್ಕಿನ ತಂಡದೊಂದಿಗಿನ ಕರೆ ಚಳಿಗಾಲದಲ್ಲಿ ರಾತ್ರಿ 9:30ರಿಂದ 10:30ರವರೆಗೆ ಇರುವುದರಿಂದ ಆಕಾಶ ತಿಳಿಯಾಗಿರುವ ತಿಂಗಳುಗಳಲ್ಲೇ ನನಗೆ ಬಿಡುವಿಲ್ಲ. ಇದರ ಮೇಲೆ, ನಾನು ಮನೆಗಳೊಳಗೆ ಇಣುಕುತ್ತೇನೆಂದು ಎದುರು ಮನೆಯವರು ದೂರಿದ್ದಾರೆ. ರಾತ್ರಿ ತಾರಸಿಗೆ ಹೋಗಕೂಡದೆಂದು ಮಾಲೀಕರು ಹೇಳಿದ್ದಾರೆ. ದೂರದರ್ಶಕವನ್ನು ಮಾರಿಬಿಡಲೇ?

ಉತ್ತರ: ಮಾರಬೇಡಿ. ನಿಮ್ಮ ಉಪಕರಣ ಕೆಟ್ಟಿಲ್ಲ, ಪೆಟ್ಟಿಗೆಯ ಮೇಲಿನ ಸಂಖ್ಯೆಯೊಂದು ನಿಮ್ಮನ್ನು ದಾರಿ ತಪ್ಪಿಸಿದೆ. ಆ 525 ಎಲ್ಲಿಂದ ಬಂತೆಂದು ಎಂಜಿನಿಯರ್ ಆದ ನೀವೇ ಲೆಕ್ಕ ಹಾಕಬಹುದು. ಈ ಬಗೆಯ ದೂರದರ್ಶಕಗಳ ನಾಭಿದೂರ, ಅಂದರೆ ಮುಂದಿನ ಮಸೂರದಿಂದ ಬಿಂಬ ಮೂಡುವ ಜಾಗಕ್ಕಿರುವ ಅಂತರ, ಸಾಮಾನ್ಯವಾಗಿ 700 ಮಿ.ಮೀ.; ಅದನ್ನು ಕಣ್ಣಿಡುವ ಕಡೆಯ ಮಸೂರವಾದ ಐಪೀಸಿನ ನಾಭಿದೂರದಿಂದ, ಅಂದರೆ 4 ಮಿ.ಮೀ.ನಿಂದ, ಭಾಗಿಸಿದರೆ 175, ವರ್ಧನೆಯನ್ನು ಇನ್ನೂ ಹೆಚ್ಚಿಸಲೆಂದು ಜೊತೆಗೆ ಕೊಡುವ ಮೂರು ಪಟ್ಟಿನ ಬಾರ್ಲೋ ಮಸೂರವನ್ನು ಸೇರಿಸಿದರೆ 525. ಗುಣಾಕಾರದಲ್ಲಿ ತಪ್ಪಿಲ್ಲ. ಆದರೆ ಬಿಂಬದ ಸ್ಪಷ್ಟತೆಯನ್ನು ನಿರ್ಧರಿಸುವುದು ಮುಂದಿನ ಮಸೂರದ ಅಗಲವೇ ಆದ್ದರಿಂದ, ಪ್ರತಿ ಮಿಲಿಮೀಟರಿಗೆ ಎರಡು ಪಟ್ಟಿನಂತೆ 70 ಮಿ.ಮೀ. ಮಸೂರಕ್ಕೆ 140 ಪಟ್ಟು ಗರಿಷ್ಠ ಮಿತಿ. ಅದೂ ಗಾಳಿ ನಿಶ್ಚಲವಾಗಿರುವ ರಾತ್ರಿಗಳಲ್ಲಿ ಮಾತ್ರ. ಅದರಾಚೆಗೆ ಏರಿಸಿದಾಗ ಗ್ರಹದೊಂದಿಗೆ ಅದರ ಮಸುಕೂ ದೊಡ್ಡದಾಗುತ್ತದೆ, ಹೊಸದೇನೂ ಕಾಣುವುದಿಲ್ಲ.

ಬಾರ್ಲೋ ಮಸೂರವನ್ನು ಪೆಟ್ಟಿಗೆಯಲ್ಲೇ ಬಿಟ್ಟು, 20 ಅಥವಾ 25 ಮಿ.ಮೀ. ಐಪೀಸನ್ನು ಹಾಕಿ. ಸುಮಾರು ಮೂವತ್ತು ಪಟ್ಟು ವರ್ಧನೆ ಸಿಗುತ್ತದೆ. 1610ರ ಜನವರಿಯಲ್ಲಿ ಗೆಲಿಲಿಯೋ ಗುರುವಿನ ಪಕ್ಕದ ಚುಕ್ಕೆಗಳನ್ನು ಗುರುತಿಸಿದ್ದು ಸುಮಾರು ಇಪ್ಪತ್ತು ಪಟ್ಟು ವರ್ಧನೆಯಲ್ಲಿ. ಆ ನಾಲ್ಕು ಚಂದ್ರರೂ ನಿಮಗೆ ಒಂದೇ ಗೆರೆಯಲ್ಲಿ ಪೋಣಿಸಿದಂತೆ ಕಾಣಬೇಕು. ಒಂದು ಕಾಗದದಲ್ಲಿ ನಡುವೆ ವೃತ್ತ ಬರೆದು ಚುಕ್ಕೆಗಳ ಸ್ಥಾನವನ್ನು ಗುರುತಿಸಿಕೊಂಡು, ಮರುದಿನ ಅದೇ ಹೊತ್ತಿಗೆ ಇನ್ನೊಮ್ಮೆ ಬರೆಯಿರಿ. ಅಯೋ ಎಂಬ ಚಂದ್ರ ಸುಮಾರು 42 ಗಂಟೆ 30 ನಿಮಿಷಗಳಲ್ಲಿ ಒಂದು ಸುತ್ತು ಮುಗಿಸುವುದರಿಂದ, ಎರಡು ಚಿತ್ರಗಳು ಒಂದರಂತೆ ಇನ್ನೊಂದು ಇರುವುದಿಲ್ಲ. ಕೆಲವು ಸಲ ಮೂರೇ ಚುಕ್ಕೆಗಳು ಕಂಡರೆ ಗಾಬರಿಯಾಗಬೇಡಿ, ಒಂದು ಗುರುವಿನ ಹಿಂದೆಯೋ ಮುಂದೆಯೋ ಇರುತ್ತದೆ.

ಅಲುಗಾಟಕ್ಕೆ ಕಾರಣ ಹಗುರವಾದ ಅಲ್ಯೂಮಿನಿಯಂ ಟ್ರೈಪಾಡ್. ಅದರ ಕಾಲುಗಳನ್ನು ಪೂರ್ತಿ ಎಳೆಯದೆ ಗಿಡ್ಡವಾಗಿಯೇ ಇಟ್ಟು, ಸ್ಟೂಲಿನ ಮೇಲೆ ಕುಳಿತು ನೋಡಿ. ನಡುವಿನ ತಟ್ಟೆಯಿಂದ ಎರಡು ಇಟ್ಟಿಗೆ ತುಂಬಿದ ಕೈಚೀಲವನ್ನು ತೂಗುಬಿಡಿ. ಅಕ್ಷರಗಳು ಅದಲುಬದಲಾಗುವುದು ದೋಷವಲ್ಲ, ಐಪೀಸಿನ ಕೆಳಗಿರುವ ಓರೆ ಕನ್ನಡಿಯ ಗುಣ ಅದು.

ಇನ್ನು ಕರೆಯ ಸಂಗತಿ. ಅಮೆರಿಕದಲ್ಲಿ ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ, ನವೆಂಬರ್‌ನ ಮೊದಲ ಭಾನುವಾರ ಹಿಂದಕ್ಕೆ ಸರಿಸುತ್ತಾರಾದ್ದರಿಂದ, ನಿಮ್ಮ ಕರೆ ಮಳೆಗಾಲದಲ್ಲಿ 8:30ಕ್ಕೂ ಚಳಿಗಾಲದಲ್ಲಿ 9:30ಕ್ಕೂ ಬೀಳುತ್ತದೆ. ಮೋಡವಿರುವಾಗ ಬೇಗ ಬಿಡುವು, ತಿಳಿಯಾಗಿರುವಾಗ ತಡ. ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೂ ಈ ಕರೆಯಿಂದ ನೀವು ಕಳೆದುಕೊಳ್ಳುತ್ತಿರುವುದು ಕಡಿಮೆ. ಹಗಲೆಲ್ಲ ಕಾದ ಕಾಂಕ್ರೀಟ್ ತಾರಸಿ ಸಂಜೆಯಿಂದ ಬಿಸಿಯನ್ನು ಹೊರಬಿಡುತ್ತಲೇ ಇರುತ್ತದೆ, ಆ ಬಿಸಿ ಗಾಳಿಯ ಮೂಲಕ ನೋಡಿದ ಗ್ರಹ ಕುದಿಯುವ ನೀರಿನ ತಳದಲ್ಲಿರುವಂತೆ ನಡುಗುತ್ತದೆ. ಹತ್ತೂವರೆಯ ಹೊತ್ತಿಗೆ ಅದು ಬಹಳಷ್ಟು ತಗ್ಗಿರುತ್ತದೆ. ಅಲ್ಲದೆ ಜನವರಿಯ ನಡುಭಾಗದಲ್ಲಿ ಮಹಾವ್ಯಾಧ (ಒರಾಯನ್) ನಕ್ಷತ್ರಪುಂಜ ಆಕಾಶದಲ್ಲಿ ಅತ್ಯಂತ ಎತ್ತರಕ್ಕೆ ಬರುವುದು ಹೆಚ್ಚುಕಡಿಮೆ ಅದೇ ವೇಳೆಗೆ. ಕರೆ ಶುರುವಾಗುವ ಮುನ್ನವೇ ದೂರದರ್ಶಕವನ್ನು ತಾರಸಿಯಲ್ಲಿ ನಿಲ್ಲಿಸಿ ಹೋದರೆ ಮಸೂರವೂ ಹೊರಗಿನ ತಂಪಿಗೆ ಹೊಂದಿಕೊಂಡಿರುತ್ತದೆ. ಮಹಾವ್ಯಾಧನ ಸೊಂಟದ ಮೂರು ನಕ್ಷತ್ರಗಳ ಕೆಳಗೆ, ಕತ್ತಿಯ ಜಾಗದಲ್ಲಿ, ಊದಿದ ಉಸಿರು ಗಾಜಿನ ಮೇಲೆ ಕೂತಂತೆ ಒಂದು ಬಿಳಿ ಮಬ್ಬಿದೆ. ಅದು ನಕ್ಷತ್ರಗಳು ಹುಟ್ಟುವ ನೀಹಾರಿಕೆ. ವಿಜಯನಗರದ ಬೀದಿದೀಪಗಳ ನಡುವೆಯೂ ಅದು ಸಿಗುತ್ತದೆ.

ಆಂಡ್ರೊಮಿಡಾ ಗೆಲಾಕ್ಸಿಯ ಸೊಬಗನ್ನು ಮಾತ್ರ ಬೆಂಗಳೂರಿನಲ್ಲಿ ಹುಡುಕಬೇಡಿ. ಕೋರಮಂಗಲದಲ್ಲಿ ಕೇಂದ್ರ ಕಚೇರಿಯುಳ್ಳ ಭಾರತೀಯ ಖಭೌತ ಸಂಸ್ಥೆಯೇ ತನ್ನ 2.34 ಮೀಟರ್ ವ್ಯಾಸದ ದೂರದರ್ಶಕವನ್ನು ತಮಿಳುನಾಡಿನ ಜವ್ವಾದಿ ಬೆಟ್ಟಗಳ ಕಾವಲೂರಿನಲ್ಲಿ ಇಟ್ಟಿದೆ. ನಿಮಗೆ ಅಷ್ಟು ದೂರ ಹೋಗಬೇಕಾಗಿಲ್ಲ, ಊರಿನ ತೆಂಗಿನ ತೋಟದ ಬಯಲು ಸಾಕು. ಯುಗಾದಿ ಅಮಾವಾಸ್ಯೆಯ ಬೆನ್ನಿಗೇ ಬರುವುದರಿಂದ ಹಬ್ಬಕ್ಕೆ ಹೋಗುವಾಗ ಬೆಳುದಿಂಗಳ ಕಾಟವಿರುವುದಿಲ್ಲ, ಮಹಾವ್ಯಾಧನೂ ಮುಸ್ಸಂಜೆಯ ನಂತರ ಪಶ್ಚಿಮದಲ್ಲಿ ಉಳಿದಿರುತ್ತಾನೆ. ಆಂಡ್ರೊಮಿಡಾಕ್ಕೆ ದೀಪಾವಳಿಯ ಅಮಾವಾಸ್ಯೆಯೇ ಸರಿ, ಆದರೆ ಪಟಾಕಿಯ ಹೊಗೆ ಇಳಿಯುವವರೆಗೆ ಕಾಯಬೇಕು.

ಮಾಲೀಕರ ವಿಷಯದಲ್ಲಿ ವಾದಕ್ಕೆ ಇಳಿಯಬೇಡಿ. 1997ರ ಏಪ್ರಿಲ್‌ನಲ್ಲಿ ಹೇಲ್–ಬಾಪ್ ಧೂಮಕೇತು ಸಂಜೆಯ ವಾಯವ್ಯ ದಿಕ್ಕಿನಲ್ಲಿ ಕಾಣುತ್ತಿದ್ದಾಗ ನಾನೂ ಬಾಡಿಗೆ ಮನೆಯ ತಾರಸಿಯಲ್ಲಿ ಬೈಸಿಕೊಂಡವನೇ. ಬೈಯಲು ಮೇಲೆ ಬಂದ ಮನೆಯ ಯಜಮಾನರು ಬೈನಾಕ್ಯುಲರ್ ಕೈಗೆತ್ತಿಕೊಂಡವರು ಅರ್ಧ ಗಂಟೆ ಹಿಂದಿರುಗಿಸಲಿಲ್ಲ. ನೀವು ಮಾಲೀಕರಿಗೆ ಮೊದಲು ವಿಷಯ ತಿಳಿಸಿ ಒಪ್ಪಿಗೆ ಪಡೆದು, ಶುಕ್ಲ ಅಷ್ಟಮಿಯ ಸಂಜೆ ಏಳು ಗಂಟೆಗೆ ಅವರನ್ನೂ ಎದುರು ಮನೆಯವರನ್ನೂ ಕರೆಯಿರಿ. ಹುಣ್ಣಿಮೆ ಬೇಡ, ಅಂದು ನೆರಳಿಲ್ಲದೆ ಚಂದ್ರ ಚಪ್ಪಟೆಯಾಗಿ ಕಾಣುತ್ತಾನೆ. ಅಷ್ಟಮಿಯಂದು ಬೆಳಕು ಕತ್ತಲೆ ಸೇರುವ ಗೆರೆಯುದ್ದಕ್ಕೂ ಕುಳಿಗಳ ಅಂಚು ಎದ್ದು ನಿಂತಿರುತ್ತದೆ, ಕೊಳವೆ ನೆತ್ತಿಯ ಕಡೆಗೆ ಮುಖ ಮಾಡಿರುವುದನ್ನೂ ಬಂದವರೆಲ್ಲ ಕಣ್ಣಾರೆ ನೋಡುತ್ತಾರೆ. ವಯಸ್ಸಾದವರಿದ್ದರೆ ನಿಮ್ಮ ಸ್ಟೂಲನ್ನು ಅವರಿಗೆ ಬಿಟ್ಟುಕೊಡಿ. ನೀರಿನ ತೊಟ್ಟಿಯ ಅಕ್ಷರ ನೋಡುವ ಪರೀಕ್ಷೆಯನ್ನು ಮಾತ್ರ ಇಲ್ಲಿಗೇ ನಿಲ್ಲಿಸಿ. ದೂರಿನ ಮೂಲ ಅದೇ ಇರಬಹುದೆಂಬುದು ನನ್ನ ಅನುಮಾನ.

ನೀವು ಕೇಳದ ಒಂದು ಮಾತು. ಇಂಥ ಪೆಟ್ಟಿಗೆಗಳಲ್ಲಿ ಐಪೀಸಿಗೆ ತಿರುಗಿಸಿ ಕೂರಿಸುವ ಕಪ್ಪು ಗಾಜಿನ ಸೂರ್ಯಶೋಧಕವನ್ನು (ಸೋಲಾರ್ ಫಿಲ್ಟರ್) ಕೆಲವೊಮ್ಮೆ ಕೊಟ್ಟಿರುತ್ತಾರೆ. ಮಸೂರ ಒಟ್ಟುಗೂಡಿಸಿದ ಬಿಸಿಲಿನ ಕಾವಿಗೆ ಆ ಗಾಜು ಸಿಡಿಯಬಹುದು, ಸಿಡಿದ ಕ್ಷಣದಲ್ಲೇ ಕಣ್ಣು ಹೋಗಬಹುದು. ನಿಮ್ಮ ಪೆಟ್ಟಿಗೆಯಲ್ಲಿ ಅದಿದ್ದರೆ ಇಂದೇ ಒಡೆದು ಕಸಕ್ಕೆ ಹಾಕಿ.